ಏಳನೇ ಅಚ್ಚಿನ ಮೂಗು

ಆರನೇ ತಗಡಿನ ಮುಚ್ಚಳವೂ ಹೊಂದಲಿಲ್ಲ. ಮೇಸ್ತ್ರಿ ಅದನ್ನು ಪಕ್ಕಕ್ಕೆ ಎಸೆದ. ಅದು ಸಿಮೆಂಟು ನೆಲದ ಮೇಲೆ ಅಂಚಿನಲ್ಲೇ ಉರುಳುತ್ತ ಹೋಗಿ, ಗೋಡೆಗೆ ಬಡಿದು, ನಡುಗುತ್ತ ನಡುಗುತ್ತ ಮಲಗಿತು. ಏಳನೆಯದನ್ನು ಕೈಗೆತ್ತಿಕೊಂಡು ಮೇಜಿನ ಮೇಲೆ ಹರಡಿದ್ದ ದೊಡ್ಡ ಹಾಳೆಯ ಮೇಲಿಟ್ಟ. ಹಾಳೆಯಲ್ಲಿ ಪೆನ್ಸಿಲಿನಿಂದ ಎಳೆದ ಒಂದು ವೃತ್ತ, ನಡುವೆ ಟೈಪು ಮಾಡಿಸಿ ಅಂಟಿಸಿದ ಮನವಿ, ಸುತ್ತ ನಲವತ್ತು ಹೆಬ್ಬೆಟ್ಟಿನ ಗುರುತು, ಒಂದೊಂದು ಗುರುತಿನಿಂದ ಚಕ್ರದ ಕಡ್ಡಿಯ ಹಾಗೆ ಹೊರಟ ಒಂದೊಂದು ಹೆಸರು. ಮೇಸ್ತ್ರಿ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದ. ಎಡಗೈಯಲ್ಲಿ ಹೆಬ್ಬೆರಳಿಲ್ಲದ್ದರಿಂದ ಅಂಗೈಯಿಂದಲೇ ಒತ್ತಿ ತಿರುಗಿಸಬೇಕಿತ್ತು. ಕಾಲು ಸುತ್ತು. ಅರ್ಧ ಸುತ್ತು. ಕೈ ನಿಂತಿತು.

"ಕೂತಿತು," ಅಂದ.

ಹೊಸ ಅಚ್ಚನ್ನು ತಗಡು ಕತ್ತರಿಸುವ ಪ್ರೆಸ್ಸಿಗೆ ಜೋಡಿಸುವಾಗ, ಮೇಲಿನ ಭಾಗ ಕೆಳಗಿನದರೊಳಗೆ ಕೂದಲೆಳೆ ಸಂದಿಲ್ಲದೆ ಇಳಿದಾಗ, ಇಪ್ಪತ್ತೆಂಟು ವರ್ಷಗಳಿಂದ ಅವನು ಹೇಳುತ್ತ ಬಂದ ಮಾತು ಅದು. ಬಾಯಿಂದ ತಾನಾಗಿ ಜಾರಿತು. ತುಟಿ ಕಚ್ಚಿಕೊಂಡ. ಅಷ್ಟರಲ್ಲಿ ಮಾಲೀಕ ಬಗ್ಗಿ ನೋಡುತ್ತಿದ್ದ.

"ಏನು ಕೂತಿತು?"

"ಮೂಗು, ಸಾರ್."

"ಬಿಡಿಸಿ ಹೇಳಯ್ಯ."

"ಈ ಅಚ್ಚಿನ ಅಂಚಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಅದರಿಂದ ಬರೋ ಪ್ರತಿ ಮುಚ್ಚಳಕ್ಕೂ ಅಕ್ಕಿಕಾಳಿನಷ್ಟು ಒಂದು ಮೂಗು ಇರತ್ತೆ. ಆಮೇಲೆ ಅರ ಹಾಕಿ ತೆಗೀತೀವಿ. ಇಲ್ಲಿ ತೆಗೆದಿಲ್ಲ. ಮುಚ್ಚಳದ ಸುತ್ತ ಗೆರೆ ಎಳೆಯುವಾಗ ಪೆನ್ಸಿಲ್ಲು ಇಲ್ಲಿ ಹಾರಿದೆ, ನೋಡಿ."

"ಯಾವ ಪ್ರೆಸ್ಸಿಂದು?"

ಮೇಸ್ತ್ರಿ ಮುಚ್ಚಳದಿಂದ ಕೈ ತೆಗೆದ. ಮುಚ್ಚಳವನ್ನು ಯಾವ ಪ್ರೆಸ್ಸಿನ ಬುಟ್ಟಿಯಿಂದ ತಂದಿದ್ದರೋ ಆ ಪ್ರೆಸ್ಸಿನ ಸಂಖ್ಯೆ ಅದರ ಮೇಲೆ ಸೀಮೆಸುಣ್ಣದಲ್ಲಿ ಇತ್ತು. ಮಾಲೀಕ ಅದನ್ನು ಓದಿದ.

"ಏಳು."

ಏಳನೇ ಪ್ರೆಸ್ಸಿನ ಮುಂದೆ ಕೂತಿದ್ದವನನ್ನು ಎಲ್ಲರೂ ಪೂರ್ತಿ ಅನ್ನುತ್ತಿದ್ದರು. ಹನ್ನೊಂದು ಪ್ರೆಸ್ಸಿನವರಲ್ಲಿ ಹತ್ತು ಬೆರಳೂ ಪೂರ್ತಿ ಉಳಿದಿದ್ದವನು ಅವನೊಬ್ಬನೇ. ಅವನು ಸ್ಟೂಲಿನಿಂದ ಏಳುವ ಮೊದಲೇ ಇಬ್ಬರು ಅವನನ್ನು ಕೂದಲು ಹಿಡಿದು ಎಳೆದರು. ಕಾವಲಿನವರೆಂದು ಮಾಲೀಕ ನಾಲ್ಕು ದಿನದ ಹಿಂದೆ ಕರೆತಂದ ಜನ ಅವರು. ಒಬ್ಬ ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದ. ಇನ್ನೊಬ್ಬ ದಪ್ಪಗಿದ್ದ, ಈವರೆಗೆ ಒಂದು ಮಾತೂ ಆಡಿರಲಿಲ್ಲ. ಬಿಳಿ ಅಂಗಿ ಮೇಜಿನ ಮೇಲಿದ್ದ ಮುಚ್ಚಳವನ್ನೇ ತೆಗೆದು ಅಡ್ಡಡ್ಡಲಾಗಿ ಬೀಸಿದ. ಅರ ಕಾಣದ ತಗಡಿನ ಅಂಚು. ಪೂರ್ತಿಯ ಕೆನ್ನೆ ಕಿವಿಯಿಂದ ತುಟಿಯವರೆಗೆ ಬಾಯಿ ಬಿಟ್ಟಿತು. ಒಂದು ಕ್ಷಣ ಅಲ್ಲಿ ಏನೂ ಇರಲಿಲ್ಲ, ಬರೀ ಬಿಳಿ. ಆಮೇಲೆ ರಕ್ತ ಇಳಿಯತೊಡಗಿತು.

"ಮಿಕ್ಕವರು ಕೆಲಸ ಶುರು ಮಾಡಿ," ಮಾಲೀಕ ಹೇಳಿದ. "ಸದ್ದು ನಿಲ್ಲಬಾರದು."

ಹತ್ತು ಪ್ರೆಸ್ಸುಗಳು ಒಂದೊಂದಾಗಿ ಬಡಿಯತೊಡಗಿದವು. ಬಿದ್ದವನ ಹೊಟ್ಟೆಗೆ ಒದೆ ಬೀಳುತ್ತಿದ್ದದ್ದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.

ಹದಿನೈದು ಅಡಿ ಆಚೆ, ಅಂಚು ಉಜ್ಜುವ ಬೆಂಚಿನಲ್ಲಿ ಪೂರ್ತಿಯ ಅತ್ತಿಗೆ ಕೂತಿದ್ದಳು. ಅವಳ ಕೈಯಲ್ಲಿ ಅರ ಇನ್ನೂ ಆಡುತ್ತಿತ್ತು. ಅವಳನ್ನು ಅರದಕ್ಕ ಅನ್ನುತ್ತಿದ್ದರು. ಕೈಯಲ್ಲಿದ್ದ ಅರಕ್ಕೆ ಆ ಹೆಸರೋ ಬಾಯಲ್ಲಿದ್ದದ್ದಕ್ಕೋ, ಆ ಪ್ರಶ್ನೆ ಇನ್ನೂ ಇತ್ಯರ್ಥವಾಗಿರಲಿಲ್ಲ. ದಿನಕ್ಕೆ ಆರುನೂರು ಮುಚ್ಚಳ ಅವಳ ಮೊಣಕಾಲುಗಳ ನಡುವೆ ಹಾದುಹೋಗುತ್ತಿದ್ದವು. ಏಳನೇ ಪ್ರೆಸ್ಸಿನವು ಬಂದಾಗ ಕಣ್ಣಿನಿಂದ ನೋಡಬೇಕಾಗಿರಲಿಲ್ಲ. ಬೆರಳು ಅಂಚಿನಲ್ಲಿ ಓಡುತ್ತ ಮೂಗು ಸಿಕ್ಕಲ್ಲಿ ನಿಲ್ಲುತ್ತಿತ್ತು, ಎರಡು ಸಲ ಉಜ್ಜಿದರೆ ಮೂಗು ಹೋಗುತ್ತಿತ್ತು.

ಒಂದೇ ಒಂದು ಮುಚ್ಚಳದ ಮೂಗನ್ನು ಅವಳು ಬಿಟ್ಟಿದ್ದಳು.

*

ಹೋದ ತಿಂಗಳು ಒಂದು ಸಂಜೆ ಅವಳ ಗಂಡ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದ್ದ: "ಮೊದಲು ಸಹಿ ಹಾಕಿದವನ ಮೂಳೆ ಮೊದಲು ಮುರೀತಾರೆ. ಅದಕ್ಕೇ ಮೊದಲು ಅನ್ನೋದೇ ಇರಬಾರದು. ಉಂಗುರಕ್ಕೆ ತಲೆ ಎಲ್ಲಿ, ಬಾಲ ಎಲ್ಲಿ?"

ಗಂಡನಿಗೆ ಎರಡೂವರೆ ಎಂದು ಹೆಸರು. ಬಲಗೈಯಲ್ಲಿ ಉಳಿದದ್ದು ಅಷ್ಟು. ಮೂರು ವರ್ಷದ ಹಿಂದೆ ನಾಲ್ಕನೇ ಪ್ರೆಸ್ಸು ಮಿಕ್ಕದ್ದನ್ನು ತೆಗೆದುಕೊಂಡಿತ್ತು. ಮೊದಲು ಪ್ರತಿ ಪ್ರೆಸ್ಸಿಗೂ ಎರಡು ಗುಂಡಿಗಳಿದ್ದವು, ಎರಡು ಕೈಗೂ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತಿತ್ತು. ಗುಂಡಿಯ ಮೇಲಿರುವ ಕೈ ಅಚ್ಚಿನ ಕೆಳಗೆ ಇರಲು ಸಾಧ್ಯವಿಲ್ಲ, ಅಷ್ಟೇ ಸರಳ. ಆಮೇಲೆ ಮಾಲೀಕ ವೈರು ಕತ್ತರಿಸಿ ಕಾಲಿಗೆ ಪೆಡಲ್ ಹಾಕಿಸಿದ. ಗುಂಡಿ ಒತ್ತುತ್ತ ಕೂತರೆ ಗಂಟೆಗೆ ನೂರು ಮುಚ್ಚಳ, ತುಳಿದರೆ ಇನ್ನೂರೈವತ್ತು. ಸತ್ತ ಗುಂಡಿಗಳು ಈಗಲೂ ಅಲ್ಲೇ ಇವೆ. ಕೆಲಸದವರು ಅವಕ್ಕೆ ಟವೆಲ್ ನೇತುಹಾಕುತ್ತಾರೆ.

ಮನವಿ ಕೇಳಿದ್ದು ಇಷ್ಟೇ: ಗುಂಡಿಗಳನ್ನು ವಾಪಸು ಕೊಡಿ. ಹನ್ನೊಂದು ಪ್ರೆಸ್ಸಿಗೂ. ನಲವತ್ತು ಜನ ಸಹಿ ಹಾಕಿದರೆ ತನಿಖೆಯ ಅಧಿಕಾರಿ ಬರಲೇಬೇಕು ಎಂದು ಕಾನೂನಿದೆಯೆಂದು ಟೈಪು ಮಾಡಿದವನೇ ಹೇಳಿದ್ದ. ನಲವತ್ತಕ್ಕೆ ಒಂದು ಕಡಿಮೆಯಾದರೂ ಕಾಗದ ಕಸದ ಬುಟ್ಟಿಗೆ. ಮೇಸ್ತ್ರಿಯನ್ನು ಬಿಟ್ಟರೆ ಅಲ್ಲಿದ್ದವರೇ ನಲವತ್ತು.

ಅವರು ಇಬ್ಬರು ಮೂವರಾಗಿ ಬಂದರು, ಉಂಗುರದಲ್ಲಿ ಎಲ್ಲೆಂದರಲ್ಲಿ ಒತ್ತಿದರು. ಓದಿದವರೂ ಹೆಬ್ಬೆಟ್ಟನ್ನೇ ಒತ್ತಬೇಕೆಂದು ಗಂಡನ ಅಪ್ಪಣೆ. ಹೆಸರನ್ನು ಎಡಗೈಯಲ್ಲಿ ಬರೆಯಬೇಕು, ಓದದವರ ಹೆಸರು ಬರೆದುಕೊಟ್ಟವರ ಅಕ್ಷರ ಯಾರದೆಂದು ಗೊತ್ತಾಗಬಾರದು. ಹೆಬ್ಬೆರಳಿಲ್ಲದವರು ಯಾವುದಿದೆಯೋ ಅದನ್ನು ಒತ್ತಿದರು. ಒಂಬತ್ತನೇ ಪ್ರೆಸ್ಸಿನವನು ಕಿರುಬೆರಳು ಒತ್ತಿ, "ನನ್ನ ಸಹಿ ಚಿಲ್ಲರೆಯಲ್ಲಿ," ಅಂದಿದ್ದ. ಮಾಲೀಕ ಕರೆದು ಕೇಳಿದರೆ ಏನು ಹೇಳಬೇಕೆಂದೂ ಗಂಡ ಬಾಯಿಪಾಠ ಮಾಡಿಸಿದ್ದ: ಮೊದಲು ಹಾಕಿದವರು ತೆಗೀಲಿ ಸಾರ್, ಹಿಂದೆಯೇ ನಾನೂ ತೆಗೀತೀನಿ.

ಮಾಲೀಕ ನಲವತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಕರೆದು ಕೇಳಿದ್ದ. ನಲವತ್ತು ಸಲ ಅದೇ ಉತ್ತರ. ಅವನಿಗೆ ಈಗ ಬೇಕಾದದ್ದು ಉಂಗುರದ ತಲೆ.

ಆ ಸಂಜೆ ವೃತ್ತ ಎಳೆದವಳು ಅರದಕ್ಕ. ಮುಚ್ಚಳ ತಂದವಳೂ ಅವಳೇ. ಉಜ್ಜಿ ಮುಗಿಸಿದ ಮುಚ್ಚಳಗಳನ್ನು ಹತ್ತರ ಕಟ್ಟು ಕಟ್ಟಿ ಇಡುತ್ತಿದ್ದರು, ಒಂದು ಹೋದರೂ ಗೊತ್ತಾಗುತ್ತಿತ್ತು. ಅದಕ್ಕೇ ಉಜ್ಜದವುಗಳ ರಾಶಿಯಿಂದ ಒಂದನ್ನು ಎಳೆದು ಸೆರಗಿನ ಕೆಳಗೆ ಇಟ್ಟುಕೊಂಡಿದ್ದಳು. ಮನೆಯಲ್ಲಿ ಗಂಡ ಎರಡೂವರೆ ಬೆರಳಿನಿಂದ ಅದನ್ನು ಅದುಮಿ ಹಿಡಿದಿದ್ದ. ಅವಳು ಪೆನ್ಸಿಲು ಓಡಿಸಿದ್ದಳು. ಒಂದು ಕಡೆ ಪೆನ್ಸಿಲು ಹಾರಿತ್ತು. ಅವಳ ಬೆರಳಿಗೆ ಅದು ಗೊತ್ತಾಗಿತ್ತು ಕೂಡ. ಆದರೆ ಅದು ಮನೆ, ಕೈಯಲ್ಲಿ ಅರ ಇರಲಿಲ್ಲ. ಇರಲಿ ಬಿಡು ಅಂದುಕೊಂಡಿದ್ದಳು.

ಮನವಿ ತನಿಖೆಯ ಕಚೇರಿಗೆ ಹೋಯಿತು. ಕಚೇರಿಯಲ್ಲಿ ಯಾರೋ ಒಬ್ಬರು, ಊಟಕ್ಕೆ ಮೊದಲೋ ಊಟದ ನಂತರವೋ, ನಕಲನ್ನು ತಮ್ಮ ಫೈಲಿನಲ್ಲಿಟ್ಟುಕೊಂಡು ಮೂಲವನ್ನೇ ಮಾಲೀಕನಿಗೆ ಕಳುಹಿಸಿದರು. ಮೇಲೆ ಒಂದು ಚೀಟಿ: ಅಭಿಪ್ರಾಯಕ್ಕಾಗಿ.

*

ಅವಳು ಎದ್ದಳು. ಮೊಣಕಾಲಿನ ಮೇಲಿದ್ದ ಮುಚ್ಚಳ ಕೆಳಗೆ ಬಿತ್ತು. ಅವಳ ಗಂಡ ಬೆಳಗ್ಗೆಯೇ ಸರಕಿನ ಲಾರಿಯ ಜೊತೆ ಹೋಗಿದ್ದ. ಪ್ರೆಸ್ಸಿನವರು ತಲೆ ಎತ್ತಲಿಲ್ಲ. ಎತ್ತಿದರೆ ಬೆರಳು ಹೋಗುತ್ತಿತ್ತು.

ಪೂರ್ತಿಯನ್ನು ಅಷ್ಟರಲ್ಲಿ ಅವನ ಪ್ರೆಸ್ಸಿಗೇ ಎಳೆದುಕೊಂಡು ಬಂದಿದ್ದರು. ಸ್ಟೂಲಿನ ಮೇಲೆ ಕೂರಿಸಿ, ದಪ್ಪನೆಯವನು ಹಿಂದಿನಿಂದ ಕತ್ತು ಅದುಮಿದ್ದ. ಬಿಳಿ ಅಂಗಿ ಅವನ ಬಲಗೈಯನ್ನು ಅಂಗೈಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಬೆರಳುಗಳ ಬುಡ ಅದುಮಿ, ಅಚ್ಚಿನ ಕೆಳಗೆ ಚಪ್ಪಟೆಯಾಗಿ ಹರಡಿ ಒತ್ತಿಕೊಂಡಿದ್ದ. ಮೋಟಾರು ನಿಲ್ಲಿಸಿರಲಿಲ್ಲ. ದೊಡ್ಡ ಚಕ್ರ ಮೇಲೆ ಸುತ್ತುತ್ತಿತ್ತು. ಪೂರ್ತಿಯ ರಕ್ತ ಗಲ್ಲದಿಂದ ತೊಟ್ಟಿಕ್ಕಿ ಬಿಳಿ ಅಂಗಿಯ ತೋಳಿಗೆ ಬೀಳುತ್ತಿತ್ತು. ಅಂಗಿಯವನು ಅದನ್ನು ಬೇಸರದಿಂದ ನೋಡುತ್ತಿದ್ದ.

"ಅವನನ್ನ ಬಿಡಿ," ಅರದಕ್ಕ ಹೇಳಿದಳು. "ಗೆರೆ ಎಳೆದದ್ದು ನಾನು."

ಮಾಲೀಕ ಕಿವಿಗೆ ಕೈ ಹಚ್ಚಿದ. ಅವಳು ಹತ್ತಿರ ಹೋಗಿ ಇನ್ನೊಮ್ಮೆ ಕೂಗಿದಳು.

"ಮುಚ್ಚಳ ಏಳನೇ ಪ್ರೆಸ್ಸಿಂದು," ಅಂದ ಮಾಲೀಕ.

"ಎಲ್ಲಾ ಪ್ರೆಸ್ಸಿನವೂ ನಮ್ಮ ಬೆಂಚಿಗೆ ಬರ್ತವೆ. ಉಜ್ಜದೆ ಇದ್ದದ್ದನ್ನ ಒಂದು ತಗೊಂಡು ಹೋದೆ. ಇವನಿಗೆ ಗೊತ್ತೇ ಇರಲಿಲ್ಲ. ಇವನು ಕೊನೇಲಿ ಬಂದು ಬೆಟ್ಟು ಒತ್ತಿದವನು."

"ಸುಳ್ಳು," ಪೂರ್ತಿ ಹೇಳಿದ. ಸೀಳಿದ ಕೆನ್ನೆಯಿಂದ ಮಾತು ಗಾಳಿಯ ಜೊತೆ ಬಂತು. "ಅತ್ತಿಗೆ ಸುಳ್ಳು ಹೇಳ್ತಾಳೆ. ನಾನೇ ಶುರು ಮಾಡಿದ್ದು."

"ನೀನು ಬಾಯಿ ಮುಚ್ಚೋ."

"ಮುಚ್ಚೋಕೆ ಆಗ್ತಿಲ್ಲ ಕಣೆ, ಹರಿದಿದೆ."

ಮಾಲೀಕ ನಕ್ಕ. ಅವನಿಗೆ ನಗು ಸುಲಭವಾಗಿ ಬರುತ್ತಿತ್ತು. ಮೇಸ್ತ್ರಿಯ ಕಡೆ ತಿರುಗಿ, "ಏನಯ್ಯ, ಇಷ್ಟು ದಿನ ಒಂದು ತಲೆಯೂ ಇರಲಿಲ್ಲ, ಈಗ ಎರಡೆರಡು," ಅಂದ. ಮೇಸ್ತ್ರಿ ಗೋಡೆ ನೋಡುತ್ತಿದ್ದ.

"ಯಾರಾದರೇನು," ಮಾಲೀಕ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಮೊದಲೇ ಟೈಪು ಮಾಡಿಸಿಟ್ಟದ್ದು. "ಓದು. ಓದು ಬರತ್ತೆ ತಾನೆ?"

ಸದರಿ ಮನವಿಯನ್ನು ನಾನೇ ಪ್ರಾರಂಭಿಸಿದ್ದು, ತಪ್ಪು ತಿಳುವಳಿಕೆಯಿಂದ ಇತರರ ಸಹಿ ಪಡೆದಿದ್ದು, ಈಗ ಸ್ವಇಚ್ಛೆಯಿಂದ ಹಿಂತೆಗೆದುಕೊಂಡಿರುತ್ತೇನೆ. ಕೆಳಗೆ ಒಂದು ಗೆರೆ.

"ಹಾಕು. ಅವನು ಎದ್ದು ಮನೆಗೆ ಹೋಗ್ತಾನೆ. ಹಾಕಲಿಲ್ಲ ಅಂದ್ರೆ, ಅವನ ಅಣ್ಣನಿಗೆ ಎರಡೂವರೆಯಾದರೂ ಉಳೀತು."

ಅವಳು ಪೂರ್ತಿಯ ಕೈ ನೋಡಿದಳು. ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ, ತಾಯಿಯಿಲ್ಲ. ಭಾನುವಾರ ಬಾಗಿಲ ಬಳಿ ಬೆಳಕಿಗೆ ಕೂರಿಸಿಕೊಂಡು ಅವನ ಉಗುರು ಕತ್ತರಿಸುತ್ತಿದ್ದಳು. ಹೆಬ್ಬೆರಳಿಗೆ ಬಂದಾಗ ಅವನು ಪ್ರತಿಸಲವೂ ಕೈ ಎಳೆದುಕೊಳ್ಳುತ್ತಿದ್ದ, ಪ್ರತಿಸಲವೂ ಅವಳು ಬೆನ್ನಿಗೆ ಒಂದು ಬಿಗಿಯುತ್ತಿದ್ದಳು. ಈಗ ಆ ಉಗುರುಗಳ ಮೇಲೆ, ಒಂದು ಗೇಣು ಎತ್ತರದಲ್ಲಿ, ಎಣ್ಣೆ ಮೆತ್ತಿದ ಅಚ್ಚು ಕಾಯುತ್ತಿತ್ತು. ಅದರ ಅಂಚಿನಲ್ಲಿ ಚಕ್ಕೆ ಎದ್ದ ಜಾಗ ಸಣ್ಣಗೆ ಹೊಳೆಯುತ್ತಿತ್ತು.

ಅವಳು ಪೆನ್ನು ತೆಗೆದುಕೊಂಡಳು.

"ಬೇಡ ಅತ್ತಿಗೆ."

ಪ್ರೆಸ್ಸಿನ ಚೌಕಟ್ಟಿಗೇ ಕಾಗದ ಒತ್ತಿಹಿಡಿದು ಅವಳು ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಅವಳ ಹೆಸರಿಗೆ ನಾಲ್ಕು ಅಕ್ಷರ. ಯಂತ್ರ ನಡುಗುತ್ತಿದ್ದುದರಿಂದ ಆ ಅಕ್ಷರಕ್ಕೂ ಅಲ್ಲಲ್ಲಿ ಮೂಗುಗಳೆದ್ದವು.

"ಅತ್ತಿಗೆ, ನೋಡು ಇಲ್ಲಿ," ಪೂರ್ತಿ ಹೇಳಿದ.

ಅವಳು ನೋಡಿದಳು. ಅವನ ಕತ್ತು ಹಿಡಿದಿದ್ದರು, ಕೈ ಹಿಡಿದಿದ್ದರು. ಕಾಲನ್ನು ಯಾರೂ ಹಿಡಿದಿರಲಿಲ್ಲ. ಹೊರಗಿನಿಂದ ಬಂದವರು, ಅವರಿಗೆ ಪ್ರೆಸ್ಸು ಅಂದರೆ ಕೈ ಮಾತ್ರ. ಪ್ರೆಸ್ಸಿನವನಿಗೆ ಅದು ಕಾಲು. ಹತ್ತು ವರ್ಷ, ದಿನಕ್ಕೆ ಎರಡು ಸಾವಿರ ಸಲ ತುಳಿದ ಕಾಲು. ಅದು ನೋಡದೆಯೇ ಪೆಡಲನ್ನು ಹುಡುಕಿಕೊಂಡಿತು.

ಅಚ್ಚು ಇಳಿಯಿತು. ಅದೇ ಸದ್ದು, ದಿನವಿಡೀ ಕೇಳುವ ಸದ್ದು, ಸ್ವಲ್ಪ ಮೆದುವಾಗಿ.

ಕಿರುಚಿದವನು ಪೂರ್ತಿಯಲ್ಲ, ಬಿಳಿ ಅಂಗಿಯವನು. ಅಚ್ಚು ಮೇಲೆದ್ದಾಗ ಕೆಳಗೆ ಪೂರ್ತಿಯ ನಾಲ್ಕು ಬೆರಳು ತಗಡಿಗೆ ಅಂಟಿದಂತೆ ಉಳಿದಿದ್ದವು, ಪಕ್ಕದಲ್ಲಿ ಬಿಳಿ ಅಂಗಿಯವನ ಹೆಬ್ಬೆರಳಿನ ಮೇಲಿನ ಗೆಣ್ಣು. ಅವನು ಕೈಯನ್ನು ಎದೆಗೆ ಒತ್ತಿಕೊಂಡು ಸುತ್ತಿ ಸುತ್ತಿ ಓಡಿದ, ತಗಡಿನ ರಾಶಿಗೆ ಎಡವಿ ಬಿದ್ದ. ದಪ್ಪನೆಯವನು ಪೂರ್ತಿಯ ಕತ್ತು ಬಿಟ್ಟ. ನಾಲ್ಕು ದಿನದಲ್ಲಿ ಮೊದಲ ಸಲ ಮಾತಾಡಿದ. "ಇವನೇ ತುಳಿದ," ಅಂದ. "ನಾನು ನೋಡಿದೆ, ಇವನೇ ತುಳಿದ."

ಪೂರ್ತಿ ತನ್ನ ಕೈಯನ್ನು ಎತ್ತಿ ಮುಖದ ಮುಂದೆ ಹಿಡಿದ, ದೂರದ ಬೋರ್ಡು ಓದುವವನ ಹಾಗೆ.

"ಈಗ ಏನಿಟ್ಟುಕೊಂಡು ಹೆದರಿಸ್ತೀರಿ?" ಅಂದ. ಆಮೇಲೆ ಸ್ಟೂಲಿನಿಂದ ಜಾರಿ ಅರದಕ್ಕನ ಕಾಲ ಮೇಲೆ ಬಿದ್ದ.

ಪ್ರೆಸ್ಸುಗಳು ನಿಂತವು. ಯಾರೂ ಹೇಳಿರಲಿಲ್ಲ. ಮೊದಲು ಎಂಟನೆಯದು, ಆಮೇಲೆ ಮೂರು, ಆಮೇಲೆ ಒಟ್ಟಿಗೆ ಎಲ್ಲವೂ. ಅರದಕ್ಕ ಸತ್ತ ಗುಂಡಿಗೆ ನೇತುಬಿದ್ದಿದ್ದ ಟವೆಲನ್ನು ಕಿತ್ತು ಅವನ ಕೈಗೆ ಸುತ್ತಿದಳು, ಸಾಕಾಗಲಿಲ್ಲ, ಆರನೇ ಪ್ರೆಸ್ಸಿನ ಟವೆಲೂ ಬಂತು, ಐದನೆಯದೂ ಬಂತು. ಮೇಸ್ತ್ರಿ ಬಗ್ಗಿ, ಅಚ್ಚಿನ ಮೇಲಿನಿಂದ ಬೆರಳುಗಳನ್ನು ಒಂದೊಂದಾಗಿ ಎತ್ತಿ ತನ್ನ ಊಟದ ಡಬ್ಬಿಯೊಳಗೆ ಹಾಕಿದ. ಅವುಗಳಿಂದ ಏನೂ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಚಪ್ಪಟೆಯಾದದ್ದನ್ನು ಯಾರು ಹೊಲಿಯುತ್ತಾರೆ?

ಮಾಲೀಕ ಮೇಜಿನ ಮೇಲಿದ್ದ ಹಾಳೆಯನ್ನು ಸುರುಳಿ ಸುತ್ತುತ್ತಿದ್ದ. ಸುರುಳಿ ನೆಟ್ಟಗೆ ಬರದೆ ಮತ್ತೆ ಬಿಚ್ಚಿ ಮತ್ತೆ ಸುತ್ತಿದ.

*

ಮರುದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯ ವಾರ್ಡಿನಲ್ಲಿ ಬಿಸಿಲು ಆರನೇ ಮಂಚದವರೆಗೆ ಬಂದಿತ್ತು. ಪೂರ್ತಿಯದು ಎಂಟನೆಯದು. ಹನ್ನೆರಡನೆಯದರಲ್ಲಿ ಬಿಳಿ ಅಂಗಿಯವನಿದ್ದ. ಈಗ ಆಸ್ಪತ್ರೆಯ ಹಸಿರು ಅಂಗಿ. ನೋಡಲು ಯಾರೂ ಬಂದಿರಲಿಲ್ಲ. ಅವನು ಗೋಡೆ ಕಡೆ ತಿರುಗಿ ಮಲಗಿದ್ದ.

"ಅವನನ್ನೂ ಒಂದು ಮಾತು ಕೇಳು," ಗಂಡ ಹೆಂಡತಿಗೆ ಹೇಳಿದ. "ನಲವತ್ತೊಂದನೇ ಸಹಿ ಹಾಕ್ತಾನೇನೋ."

"ಅವನ ಹತ್ರ ಹೆಬ್ಬೆಟ್ಟೆಲ್ಲಿದೆ?"

"ಕಿರುಬೆರಳು ನಡೆಯತ್ತೆ, ನಮ್ಮಲ್ಲಿ ಚಿಲ್ಲರೆ ತಗೋತೀವಿ."

ಅವಳು ನಗಲಿಲ್ಲ. ಗಂಡನೂ ನಗಲಿಲ್ಲ. ತಮ್ಮನ ಹಣೆಯ ಮೇಲಿನ ಕೂದಲನ್ನು ಎರಡೂವರೆ ಬೆರಳಿನಿಂದ ಹಿಂದಕ್ಕೆ ಸರಿಸಿ, ಟೀ ತರುತ್ತೇನೆಂದು ಎದ್ದು ಹೋದ. ಹೋಗುವಾಗ ಬಾಗಿಲ ಚೌಕಟ್ಟಿಗೆ ತಲೆಯನ್ನು ಒಮ್ಮೆ ಜೋರಾಗಿ ಬಡಿದುಕೊಂಡ. ಬೇಕೆಂದೇ.

ಪೂರ್ತಿಯ ಕೆನ್ನೆಗೆ ಇಪ್ಪತ್ತಮೂರು ಹೊಲಿಗೆ. ಕೈ ಬಿಳಿ ಗಂಟಾಗಿ ಎದೆಯ ಮೇಲಿತ್ತು. ಮದ್ದಿನ ಅಮಲು ಇಳಿಯುತ್ತಿತ್ತು. ಇಳಿದ ಹಾಗೆಲ್ಲ ಅವನು ಕಾಲಿನಿಂದ ಮಂಚದ ಕಂಬಿಯನ್ನು ಒತ್ತುತ್ತಿದ್ದ, ಬಿಡುತ್ತಿದ್ದ, ಒತ್ತುತ್ತಿದ್ದ.

"ಅತ್ತಿಗೆ."

"ಹೂಂ."

"ಇಲ್ಲದ ಬೆರಳು ಯಾಕೆ ನೋಯತ್ತೆ?"

"ನಿಮ್ಮಣ್ಣನಿಗೂ ಹಾಗೇ ಆಗ್ತಿತ್ತು. ಕಡಿಮೆಯಾಗತ್ತೆ."

"ಯಾವಾಗ?"

ಅವಳು ಹೊದಿಕೆ ಸರಿಮಾಡಿದಳು. ಗಂಡನಿಗೆ ಈಗಲೂ ಚಳಿ ಹೆಚ್ಚಾದ ದಿನ ನೋಯುತ್ತದೆ.

"ದಿನಾ ಅಷ್ಟೊಂದು ಮೂಗು ಕೊಯ್ತೀಯ," ಪೂರ್ತಿ ಕಣ್ಣು ಮುಚ್ಚಿಕೊಂಡೇ ಹೇಳಿದ. "ಅದೊಂದನ್ನ ಕೊಯ್ದಿದ್ದರೆ ಆಗ್ತಿತ್ತಲ್ಲ."

ಅದು ಬೈಗುಳದ ಹಾಗಿರಲಿಲ್ಲ. ಹಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವಳು ತನ್ನ ಬಲಗೈ ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು. ಪೆನ್ಸಿಲು ಹಾರಿದ್ದು ಗೊತ್ತಾಗಿದ್ದ ಬೆರಳು ಅದು.

ಮೇಸ್ತ್ರಿ ಬಂದದ್ದು ಆಗ. ಕೈಯಲ್ಲಿ ಹಣ್ಣಿನ ಚೀಲ ಇರಲಿಲ್ಲ, ಏನೂ ಇರಲಿಲ್ಲ. ಮಂಚದ ಬುಡದಲ್ಲಿ ನಿಂತ. ಕೂರಿ ಅಂತ ಯಾರೂ ಹೇಳಲಿಲ್ಲ, ಕೂರಲಿಲ್ಲ.

"ಹೇಗಿದಾನೆ?"

"ಕಾಣಲ್ವಾ?"

"ನಾನು ಬೇಕು ಅಂತ ಹೇಳಲಿಲ್ಲಮ್ಮ. ಬಾಯಿಂದ ಬಂದುಬಿಡ್ತು."

"ಮೇಸ್ತ್ರಿ, ನಿಮ್ಮ ಬಾಯಿಗಿಂತ ನನ್ನ ಕೈ ದೊಡ್ಡ ತಪ್ಪು ಮಾಡಿದೆ. ಅದು ಬಿಡಿ. ಕಳಿಸಿದವರು ಏನು ಹೇಳಿ ಕಳಿಸಿದರು?"

ಮೇಸ್ತ್ರಿ ಎದೆಯ ಜೇಬಿನಿಂದ ಕಾಗದ ತೆಗೆದ. ಅವಳಿಗೆ ಬಿಚ್ಚುವ ಮೊದಲೇ ಗುರುತು ಸಿಕ್ಕಿತು. ಒಂದು ಮೂಲೆ ಒಣಗಿದ ರಕ್ತದಿಂದ ಕಂದಾಗಿ ಗಟ್ಟಿಯಾಗಿತ್ತು. ಸದರಿ ಮನವಿಯನ್ನು ನಾನೇ ಪ್ರಾರಂಭಿಸಿದ್ದು. ಕೆಳಗಿನ ಗೆರೆಯ ಮೇಲೆ ಅವಳ ಹೆಸರಿನ ಮೊದಲ ಅಕ್ಷರ, ನಡುಗುತ್ತ ನಿಂತದ್ದು, ಮುಂದೆ ಖಾಲಿ.

"ನಾಳೆ ಅಧಿಕಾರಿ ಬರ್ತಾರೆ," ಮೇಸ್ತ್ರಿ ಹೇಳಿದ. ಕಂಠಪಾಠ ಒಪ್ಪಿಸುವವನ ಹಾಗೆ, ಮಂಚದ ಕಂಬಿ ನೋಡುತ್ತ. "ಇದು ಇವತ್ತು ಸಂಜೆಯೊಳಗೆ ಕಚೇರಿ ಸೇರಿದರೆ ಬರಲ್ಲ. ಏಳನೇ ಪ್ರೆಸ್ಸಿಗೆ ಎರಡು ಗುಂಡಿ ವಾಪಸು ಹಾಕಿಸ್ತಾರೆ. ಇವತ್ತೇ. ಮತ್ತೆ ನನ್ನ ಜಾಗ ಇವನಿಗೆ. ಮೇಸ್ತ್ರಿ ಕೆಲಸ. ಅಚ್ಚು ನೋಡೋಕೆ ಕಣ್ಣು ಸಾಕು, ಬೆರಳು ಬೇಕಿಲ್ಲ. ನಾನು ಬಿಡ್ತೀನಿ ಅಂತ ಒಪ್ಪಿಕೊಂಡಿದೀನಿ."

"ಒಂದು ಪ್ರೆಸ್ಸಿಗಾ?"

"ಸದ್ಯಕ್ಕೆ ಒಂದು."

"ಹಾಕಲಿಲ್ಲ ಅಂದ್ರೆ?"

"ಇವನು ತಾನೇ ತುಳಿದ ಅಂತ ಇಬ್ಬರು ಸಾಕ್ಷಿ ಹೇಳ್ತಾರೆ. ಅಧಿಕಾರಿ ಅದನ್ನೇ ಬರ್ಕೋತಾರೆ. ಕೆಲಸವೂ ಇಲ್ಲ, ಏನೂ ಇಲ್ಲ." ಕಂಬಿಯಿಂದ ಕಣ್ಣು ತೆಗೆಯದೆ, "ಅದು ಸುಳ್ಳಂತೂ ಅಲ್ಲವಲ್ಲಮ್ಮ. ತುಳಿದದ್ದು ಇವನೇ," ಅಂದ.

ಪೂರ್ತಿ ಕಣ್ಣು ತೆರೆದ.

"ಮೇಸ್ತ್ರಿ, ನಿಮ್ಮ ಕುರ್ಚಿಗೆ ಬೆನ್ನಿದೆಯಾ?"

"ಇದೆ. ಒಂದು ಕಾಲು ಸ್ವಲ್ಪ ಅಲ್ಲಾಡತ್ತೆ."

"ಫ್ಯಾನು?"

"ಹಿಂದೆಯೇ ಇದೆ."

"ಹತ್ತು ವರ್ಷ ಸ್ಟೂಲ್ ಮೇಲೆ ಕೂತಿದೀನಿ," ಪೂರ್ತಿ ಹೇಳಿದ. ಯಾರಿಗೆ ಹೇಳಿದನೆಂದು ತಿಳಿಯಲಿಲ್ಲ. ಅವನ ಕಾಲು ಕಂಬಿಯನ್ನು ಒತ್ತಿತು, ಬಿಟ್ಟಿತು. ಆಮೇಲೆ ಅವನ ಮುಖ ಒಮ್ಮೆಲೇ ಚಿಕ್ಕದಾಯಿತು. ಹೊಲಿಗೆಗಳ ನಡುವೆ ಅದು ಒಂಬತ್ತು ವರ್ಷದವನ ಮುಖ, ಬಾಗಿಲ ಬಳಿ ಬೆಳಕಿಗೆ ಕೂತವನದು. "ಹಾಕಿಬಿಡು ಅತ್ತಿಗೆ."

ಅವಳು ಅವನ ಕಡೆ ತಿರುಗಲಿಲ್ಲ.

"ನಿನ್ನೆ ಹಾಕೋಕೆ ಹೋಗಿದ್ಯಲ್ಲ," ಅವನು ಹೇಳಿದ. "ಒಂದು ಅಕ್ಷರ ಆಗಲೇ ಇದೆ. ಇನ್ನು ಮೂರು. ನನಗೆ ನೋಯ್ತಿದೆ. ನಿನ್ನೆ ನಾನು ಏನೋ ಆವೇಶದಲ್ಲಿ ಮಾಡಿದೆ. ಇವತ್ತಾಗಿದ್ದರೆ ಮಾಡ್ತಿರಲಿಲ್ಲ. ಆಣೆ, ಮಾಡ್ತಿರಲಿಲ್ಲ."

ಮೇಸ್ತ್ರಿ ಕಾಗದವನ್ನು ಮಂಚದ ಪಕ್ಕದ ಚಿಕ್ಕ ಮೇಜಿನ ಮೇಲೆ ಬಿಡಿಸಿಟ್ಟ. ಜಾರದಿರಲೆಂದು ಎಡಗೈಯ ನಾಲ್ಕು ಬೆರಳಿನಿಂದ ಒತ್ತಿ ಹಿಡಿದ. ಹೆಬ್ಬೆರಳಿರಬೇಕಾದ ಕಡೆ ನುಣುಪಾದ, ಹೊಳೆಯುವ ಚರ್ಮ. ಬಲಗೈಯಿಂದ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದೆ ಚಾಚಿದ.

ಅರದಕ್ಕ ಆ ಚರ್ಮವನ್ನು ನೋಡಿದಳು.

"ಇದು ಯಾವ ಪ್ರೆಸ್ಸಲ್ಲಿ ಹೋಯ್ತು ಮೇಸ್ತ್ರಿ?"

ಅವನು ಆ ಕೈಯನ್ನೇ ನೋಡಿಕೊಂಡ.

"ಏಳರಲ್ಲೇ," ಅಂದ. "ಇಪ್ಪತ್ತೊಂದು ವರ್ಷ ಆಯ್ತು. ಗುಂಡಿ ಬರೋಕೆ ಮುಂಚೆ. ನಂದಾದ ಮೇಲೇ ಗುಂಡಿ ಹಾಕಿಸಿದ್ದು, ಈಗಿನ ಮಾಲೀಕರ ಅಪ್ಪ."

"ಆಮೇಲೆ ನಿಮಗೆ ಕುರ್ಚಿ ಕೊಟ್ಟರು."

"ಕೊಟ್ಟರು."

"ನೀವೂ ಇಂಥದ್ದೇ ಒಂದು ಕಾಗದಕ್ಕೆ ಸಹಿ ಹಾಕಿದ್ರಾ?"

ಪೆನ್ನು ಚಾಚಿದ ಕೈ ಹಾಗೇ ಇತ್ತು. ಹನ್ನೆರಡನೇ ಮಂಚದಲ್ಲಿ ಬಿಳಿ ಅಂಗಿಯವನು ಈ ಕಡೆ ತಿರುಗಿ ಮಲಗಿ ನೋಡುತ್ತಿದ್ದ. ಗಂಡ ಮೂರು ಲೋಟ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಂದು ಲೋಟ ಅಂಗೈಗೂ ಹೊಟ್ಟೆಗೂ ನಡುವೆ.

"ಅತ್ತಿಗೆ," ಪೂರ್ತಿ ಅಳುತ್ತಿದ್ದ. ಕಣ್ಣೀರು ಹೊಲಿಗೆಯೊಳಗೆ ಇಳಿದು ಉರಿಯುತ್ತಿತ್ತು, ಅದಕ್ಕೆ ಇನ್ನಷ್ಟು ಅಳುತ್ತಿದ್ದ. "ನಿನ್ನ ಕಾಲಿಗೆ ಬೀಳ್ತೀನಿ. ಮೂರೇ ಅಕ್ಷರ."

ಅವಳು ಪೆನ್ನು ಮುಟ್ಟಲಿಲ್ಲ.

"ಹಾಕಲ್ಲ," ಅಂದಳು.